ಯಂತ್ರ ಓದದ ಸಾಲು

ರಾಮದುರ್ಗದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಮೆಹೆರಾಜಳಿಗೆ ೨೦೦೮ರ ಬೇಸಿಗೆಯಲ್ಲಿ ಒಂದೇ ಹಂಬಲವಿತ್ತು: ಕೆಂಚವ್ವನ ಓಣಿಯ ಬಾವಿಗೆ ಕೆಂಪು ಬಣ್ಣ ಬೀಳಬೇಕು. ಮೊಮ್ಮಗಳ ಹಲ್ಲು ಕಂದುಗಟ್ಟಿದ್ದನ್ನು ತೋರಿಸಿ, "ಈ ನೀರ ಕುಡಿಸಲ್ಯೋ ಬ್ಯಾಡೋ, ನೀನ ಹೇಳಬೇಕ ನೋಡ ಯವ್ವಾ" ಎಂದು ಮುದುಕಿ ಕೆಂಚವ್ವ ಬಾಟಲಿ ತುಂಬಿ ಕೊಟ್ಟಿದ್ದಳು. ಸವದತ್ತಿ ಸೀಮೆಯ ಬಾವಿಗಳ ನೀರನ್ನೆಲ್ಲ ಪರೀಕ್ಷೆ ಮಾಡಿಸಿ, ಫ್ಲೋರೈಡೂ ಉಪ್ಪೂ ಎರಡೂ ಮಿತಿಯೊಳಗಿದ್ದರೆ ಬಾವಿಕಟ್ಟೆಗೆ ಹಸಿರು, ಇಲ್ಲವಾದರೆ ಕುಡಿಯಬಾರದೆಂಬ ಕೆಂಪು ಎಂದು ಮೆಹೆರಾಜಳೇ ಆರ್ (R) ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆಜ್ಞೆ ಬರೆದಳು. ಎರಡು ಷರತ್ತುಗಳ ನಡುವೆ & ಎಂಬ ಒಂಟಿ ಚಿಹ್ನೆ; ಅದು ಪ್ರತಿ ಬಾವಿಯನ್ನೂ ಬೇರೆಬೇರೆಯಾಗಿ ನೋಡುತ್ತದೆ.

ವಿಭಾಗದ ಮುಖ್ಯಸ್ಥ ರಾಮಲಿಂಗಪ್ಪನವರು ಆ ಭಾಷೆಯನ್ನು ತಮ್ಮ ಹಳೆಯ ಶಿಷ್ಯೆಯಾದ ಇವಳಿಂದಲೇ ಅರೆಬರೆ ಕಲಿತಿದ್ದರು. ಚರಕ್ಕೆ ಬೆಲೆ ಕೊಡಲು ಒಂಟಿ =, ಸಮವೇ ಎಂದು ಕೇಳಲು ಜೋಡಿ == ಎಂಬ ಪಾಠ ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅವಳು ರಜೆಯಲ್ಲಿದ್ದಾಗ ಅದೇ ಜಾಡಿನಲ್ಲಿ &ಯನ್ನೂ ಜೋಡಿ ಮಾಡಿ, ವರದಿ ತೆಗೆದು ತಾಲೂಕು ಕಚೇರಿಗೆ ಕಳಿಸಿಬಿಟ್ಟರು.

ಜೋಡಿ && ಪಟ್ಟಿಯ ಮೊದಲ ಬಾವಿಯನ್ನಷ್ಟೇ ನೋಡುತ್ತದೆ. ಮೊದಲನೆಯದು ಸಿಹಿನೀರಿನ ಬಾವಿ. ಅದರ ತೀರ್ಪೇ ಉಳಿದೆಲ್ಲವಕ್ಕೂ ಅಂಟಿತು. ಸೀಮೆಯ ಬಾವಿಗಳೆಲ್ಲ ಹಸಿರಾದವು.

"ಸರ್, ಇದು ತಪ್ಪೈತ್ರಿ. ಒಂದ ಚಿಹ್ನೆ ಇರಬೇಕಿತ್ತ್ರಿ" ಎಂದಳು, ರಜೆಯಿಂದ ಮರಳಿದ ಮೆಹೆರಾಜ.

"ಪ್ರಶ್ನಾ ಕೇಳಬೇಕಾದ್ರ ಎರಡ ಹಾಕ್ರಿ ಅಂತ ನೀನ ಕಲಿಸಿದೆಲ್ಲವಾ? ಈಗ ನನಗ ಉಲ್ಟಾ ಪಾಠ ಏನ?"

ಅವಳು ತಿದ್ದಿ ತೋರಿಸಿದಳು. ಪರದೆಯ ಮೇಲೆ ಕೆಂಚವ್ವನ ಬಾವಿ ಕೆಂಪಾಯಿತು. ರಾಮಲಿಂಗಪ್ಪನವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಬಣ್ಣಾ ಬಳಿದ ಮುಗದೈತಿ. ನನಗ ಶಾಲೂ ಹೊದಿಸ್ಯಾರ. ಕಟ್ಟಿ ಮ್ಯಾಲ ನಿನ್ನ ಹೆಸರೂ ಬರಸೇನಿ. ಈಗ ಹೋಗಿ ತಪ್ಪಾತ್ರೀ ಅನ್ಲೇನ?" ಎನ್ನುತ್ತ ಅವಳು ತಿದ್ದಿದ ಸಾಲಿನ ಆರಂಭದಲ್ಲೇ # ಒತ್ತಿದರು. ಆ ಚಿಹ್ನೆಯಿಂದಾಚೆ ಇರುವುದನ್ನು ಯಂತ್ರ ಓದುವುದಿಲ್ಲ. "ನೋಡ, ನಿನ್ನ ಸಾಲ ಅಳಿಸಿಲ್ಲ. ಮರ್ಯಾದಿಲೆ ಹಾಂಗ ಇಟ್ಟೇನಿ."

ಮರುದಿನ ಅವಳು ಬಸ್ಸು ಹಿಡಿದು ಕೆಂಚವ್ವನ ಊರಿಗೆ ಹೋದಳು. ಬಾವಿಕಟ್ಟೆ ಹಚ್ಚಹಸಿರಾಗಿತ್ತು, ಮುದುಕಿ ಕೊಡ ತುಂಬುತ್ತಿದ್ದಳು.

"ಆಯೀ, ಕೂಸಿಗೆ ಈ ನೀರ ಕುಡಿಸಬ್ಯಾಡ."

"ಚಾಷ್ಟಿ ಮಾಡತಿಯೇನ ಯವ್ವಾ? ಮೆಹೆರಾಜಬಾಯಾರು ಪರೀಕ್ಷಾ ಮಾಡ್ಯಾರಂತ ನಿನ್ನ ಹೆಸರ ಕಟ್ಟಿ ಮ್ಯಾಲ ಬರದಾರ, ಮಂದಿ ಓದಿ ಹೇಳಿದ್ರು. ಇಷ್ಟ ದಿನಾ ಹೆದರಿ ಹೆದರಿ ಅರ್ಧಾ ಚರಗಿ ಕೊಡತಿದ್ನಿ."

"ಬರದದ್ದ ತಪ್ಪೈತಿ, ಆಯೀ. ನನ್ನ ಮಾತ ಕೇಳ."

ಕೆಂಚವ್ವನ ನಗೆ ಆರಿತು. "ನಿನ್ನ ಹೆಸರ್ಲೆ ಬರದದ್ದ ತಪ್ಪು, ನಿನ್ನ ಬಾಯಿಲೆ ಅಂದದ್ದ ಖರೇ? ಯಾವ್ದ ನಂಬಲಿ, ಯವ್ವಾ?"

ಮೆಹೆರಾಜ ತನ್ನ ಹೆಸರಿನತ್ತ ನೋಡಿದಳು; ಬಣ್ಣ ಆಗಲೇ ಒಣಗಿತ್ತು. ಅಷ್ಟರಲ್ಲಿ ಮುದುಕಿ ತುಂಬಿದ ಚರಗಿಯನ್ನು ಮೊಮ್ಮಗಳ ಕೈಗಿತ್ತಿದ್ದಳು.