ಶಾಹೀನನ ಮುತ್ತಿನ ವರ್ಷ

ಊರ ಗಂಡಸರು ಸಂಜೆ ಸೇರುವ ಮಜ್ಲಿಸ್ಸಿನಲ್ಲಿ ಯಾರಾದರೂ ‘ಎಣ್ಣೆ ಬಂದ ವರ್ಷ’ ಎಂದರೆ ಸಾಕು, ಶಾಹೀನ್ ಒಂದು ಗುಟುಕೂ ಕುಡಿಯದ ಕಾಫಿಯ ಬಟ್ಟಲನ್ನು ಅಲ್ಲಾಡಿಸಿ, ಇನ್ನು ಬೇಡವೆಂದು ಹಿಂದಿರುಗಿಸಿಬಿಡುತ್ತಿದ್ದ. ಮುಹರ್ರಕ್ ಪಟ್ಟಣದ ಓಣಿಗಳಲ್ಲೂ ತೇಲುವ ಹಲಗೆಯ ಮೇಲಿರುವವನಂತೆ ಕಾಲಗಲಿಸಿ ನಡೆಯುವ, ಬೇಸಗೆಯ ಧಗೆಯಲ್ಲೂ ಕಂದು ನಿಲುವಂಗಿಯನ್ನು ಹೆಗಲಿನಿಂದಿಳಿಸದ ಈ ಮುತ್ತಿನ ದೋಣಿಯ ಯಜಮಾನನ ಹೊಟ್ಟೆಯುರಿಗೆ ಕಾರಣವಿಲ್ಲದಿರಲಿಲ್ಲ.

ಬಹರೇನಿನ ಆ ತಲೆಮಾರಿನವರು ವರ್ಷಗಳನ್ನು ಅಂಕಿಯಿಂದ ಗುರುತಿಸಿದವರಲ್ಲ. ದೋಣಿಗಳು ಮುಳುಗಿದ ವರ್ಷ, ಸಿಡುಬಿನ ವರ್ಷ ಎಂದೇ ಮಕ್ಕಳ ವಯಸ್ಸು, ಹಿರಿಯರ ಸಾವು ಎಲ್ಲವೂ ನೆನಪಿನಲ್ಲಿ ನಿಲ್ಲುತ್ತಿದ್ದವು. ಒಂದು ವರ್ಷದ ಬೇಸಗೆಯಲ್ಲಿ ಶಾಹೀನನ ದೋಣಿಗೆ ನಸುಗೆಂಪು ಛಾಯೆಯ ಅಪೂರ್ವ ಮುತ್ತೊಂದು ಸಿಕ್ಕಿತು. ಬೊಂಬಾಯಿಯ ವ್ಯಾಪಾರಿ ಅದನ್ನು ಕಂಡು ಚೌಕಾಸಿ ಮಾಡುವುದನ್ನೇ ಮರೆತ. ಇನ್ನು ಈ ವರ್ಷಕ್ಕೆ ತನ್ನ ಮುತ್ತಿನದೇ ಹೆಸರು ಎಂದು ಶಾಹೀನ್ ಮನಸ್ಸಿನಲ್ಲೇ ಮಂಡಿಗೆ ತಿಂದ. ಆದರೆ ಅದೇ ಬೇಸಗೆಯಲ್ಲಿ ದ್ವೀಪದ ನಡುವಿನ ಗುಡ್ಡದಲ್ಲಿ ಎಣ್ಣೆ ಚಿಮ್ಮಿತು; ಊರಿನ ನಾಲಿಗೆ ಅತ್ತ ತಿರುಗಿತು.

ಶಾಹೀನನಿಗೆ ಅದಕ್ಕಿಂತಲೂ ಸಹಿಸಲಾಗದವನೆಂದರೆ ಗಾನಿಮ್. ಶಾಹೀನನದೇ ದೋಣಿಯಲ್ಲಿ ಮುಳುಗುಗಾರನಾಗಿದ್ದು, ಕಿವಿನೋವೆಂದು ಕಡಲು ಬಿಟ್ಟು, ಆ ಎಣ್ಣೆಬಾವಿಯಲ್ಲಿ ಮಣ್ಣು ಹೊರಲು ಹೋದವನು. ಪ್ರತಿ ಸಂಜೆ ಅವನದೊಂದೇ ಪುರಾಣ: “ಮೊದಲ ಹನಿ ಬಿದ್ದಿದ್ದೇ ನನ್ನ ಗಡ್ಡದ ಮೇಲೆ ಕಣ್ರಪ್ಪಾ.”

“ಗಡ್ಡಕ್ಕೆ ಮಸಿ ಮೆತ್ಕೊಂಡೋನಿಗೂ ಹಾರ ಹಾಕೋ ಊರು ಇದು,” ಎಂದು ಶಾಹೀನ್ ಗೊಣಗುತ್ತಿದ್ದ. ಎಲ್ಲರೂ ನಗುತ್ತಿದ್ದರು, ಗಾನಿಮನೂ ನಗುತ್ತಿದ್ದ; ಆ ನಗೆಯೇ ಶಾಹೀನನಿಗೆ ಮೈಯೆಲ್ಲ ಉರಿ.

ಕಾಲಾಂತರದಲ್ಲಿ ಗಾನಿಮ್ ತನ್ನ ಮಗನಿಗೆ ಶಾಹೀನನ ಮಗಳು ಮೋಜಾಳನ್ನು ಕೇಳಿಕೊಂಡು ಬಂದ. ಹುಡುಗ ಒಳ್ಳೆಯವನು, ಮಗಳಿಗೂ ಮನಸ್ಸಿತ್ತು; ಶಾಹೀನ್ ಹಲ್ಲುಕಚ್ಚಿ ಒಪ್ಪಿದ. ನಿಕಾಹಿನ ದಿನ ಮುಲ್ಲಾ, ಹೊರಗಿನಿಂದ ಬಂದ ಎಳೆಯ ವಯಸ್ಸಿನವನು, ಹುಡುಗಿ ಹುಟ್ಟಿದ ವರ್ಷ ಕೇಳಿದ.

“ನನ್ನ ಮುತ್ತಿನ ವರ್ಷ,” ಎಂದ ಶಾಹೀನ್.

“ಅದ್ಯಾವ ವರ್ಷ, ಯಜಮಾನ್ರೇ?”

ಉತ್ತರ ಕೊಟ್ಟವನು ಗಾನಿಮ್. “ಹಾಗೇ ಇಟ್ಕೊಳ್ಳಿ ಮುಲ್ಲಾ. ಅಂಥ ಮುತ್ತು ಈ ಕಡಲಲ್ಲಿ ಮತ್ತೆ ಹುಟ್ಲಿಲ್ಲ. ಇವತ್ತಿಂದ ನಾನೂ ಆ ವರ್ಷಾನ ಹಾಗೇ ಕರೀತೀನಿ, ಮೋಜಾಳಪ್ಪಾ.”

ಜೀವಮಾನವೆಲ್ಲ ಹಂಬಲಿಸಿದ ಮಾತು ಕೊನೆಗೂ ಸಿಕ್ಕಿತ್ತು, ಅದೂ ನಾಲ್ಕು ಜನರೆದುರು. ಶಾಹೀನನ ಮುಖ ಕಪ್ಪಿಟ್ಟಿತು.

“ಎಣ್ಣೆ ಬಂದ ವರ್ಷ,” ಎಂದ ಅವನು ಮುಲ್ಲಾನಿಗೆ. “ಎಣ್ಣೆ ಬಂದ ವರ್ಷ ಹುಟ್ಟಿದೋಳು ನನ್ನ ಮಗಳು. ಮುಂದಿಂದು ಓದಿ.”

ಮತ್ಸರಿಗಳ ಜಾತಿಯೇ ಹಾಗೆ. ಸೋಲನ್ನು ಅವರು ಹೇಗೋ ನುಂಗಿಕೊಳ್ಳುತ್ತಾರೆ. ಗೆದ್ದವನ ಔದಾರ್ಯ ಮಾತ್ರ ಗಂಟಲಲ್ಲಿ ಇಳಿಯದು. ಬೇಡಿದ ವರವೇ ಎದುರಾಳಿಯ ಕೈಯಿಂದ ಬಂದರೆ, ಅದನ್ನು ಹಿಂದಕ್ಕೆ ಕೊಟ್ಟು ಬರಿಗೈಯಲ್ಲಿ ಉಳಿಯುತ್ತಾರೆ.