ಹನ್ನೆರಡು ಪಿನ್ನು

ಇಸ್ತ್ರಿಯ ಬಿಸಿ ಇನ್ನೂ ಆರಿಲ್ಲ, ಹಳದಿ ಫ್ರಾಕಿನ ಮಡಿಸಿದ ಅಂಚು ಬೆರಳಿಗೆ ಬೆಚ್ಚಗೆ ತಾಗುತ್ತಿದೆ, ಪಿನ್ನು ಚುಚ್ಚಿ, ಹೊಲಿದು, ಪಿನ್ನು ತೆಗೆದು, ಹೀಗೇ ಸುತ್ತ ಬರಬೇಕು, ಸ್ಟೂಲಿನ ಮೇಲೆ ನಿಂತ ಮೊಮ್ಮಗಳು ಮಾತ್ರ ಒಂದು ಕಡೆ ನಿಲ್ಲುವವಳಲ್ಲ, ನೆಟ್ಟಗೆ ನಿಲ್ಲೇ ಕೋತಿ, ಕೋತಿಗೆ ಫ್ರಾಕ್ ಹಾಕ್ತಾರಾ ಅಜ್ಜಿ, ನಾನು ಹೊಲಿದ್ರೆ ಹಾಕ್ತಾರೆ — ಹತ್ತಕ್ಕೆ ಶಾಲೆಯ ವ್ಯಾನು, ಹನ್ನೊಂದಕ್ಕೆ ಇವಳ ಕುಣಿತ, ಬಾಗಿಲಲ್ಲಿ ಮಗಳು ಕೈಕಟ್ಟಿ ನಿಂತಿದ್ದಾಳೆ, ಗಡಿಯಾರ ನೋಡುತ್ತಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಾಳೆ, ನೋಡಲಿ, ಕಾರಣವಿದೆ, ಅವಳಿಗೂ ಏಳು ವರ್ಷವಿದ್ದಾಗ ಹೀಗೇ ಒಂದು ಫ್ರಾಕು, ನೀಲಿಯದು, ಹೊಲಿದೆ, ಒಳಗೆ ಪಿನ್ನು ಉಳಿದು ಮಗುವಿಗೆ ಚುಚ್ಚಿಬಿಟ್ಟರೆ ಎಂದು ಬಿಚ್ಚಿದೆ, ಹೊಲಿದೆ, ಬಿಚ್ಚಿದೆ, ಅದೆಷ್ಟು ಸಲವೋ, ಊರಿಗೆಲ್ಲ ಹೊಲಿದುಕೊಡುವ ಟೈಲರಮ್ಮನ ಮಗಳು ವೇದಿಕೆಯ ಮೇಲೆ ಯೂನಿಫಾರಮ್ಮಿನಲ್ಲೇ ಕುಣಿದಳು, ನಾನು ಮನೆಯಲ್ಲಿ ನೀಲಿ ತುಂಡುಗಳ ನಡುವೆ ಕೂತು ಪಿನ್ನು ಹುಡುಕುವ ಅಯಸ್ಕಾಂತ ಆಡಿಸುತ್ತಿದ್ದೆ. ಅವಳು ಬಂದು ನೀಲಿ ತುಂಡುಗಳನ್ನು ದಾಟಿಕೊಂಡು ಒಳಗೆ ಹೋದಳು, ಬೈದಿದ್ದರೆ ಚೆನ್ನಾಗಿತ್ತು.

ಇದಕ್ಕೆ ಗೀಳು ಅಂತಾರೆ, ಕಾಯಿಲೆ ಇದು, ನಿಮ್ಮ ತಪ್ಪಲ್ಲ, ಎಂದು ಡಾಕ್ಟರು ಹೇಳಿದ ಮೇಲೂ ಇಪ್ಪತ್ತು ವರ್ಷ ಮಾತ್ರೆ ನುಂಗಿದೆ, ಅವರ ಎದುರು ಕೂತು ಮಾತಾಡಿದೆ, ಹೇಳಿದ ಅಭ್ಯಾಸವೆಲ್ಲ ಮಾಡಿದೆ, ಯಾವುದಕ್ಕೂ ಅದು ಜಗ್ಗಲಿಲ್ಲ, ಕೊನೆಗೆ ಸರ್ಜನ್ನು ಚಿತ್ರ ಬರೆದು ತೋರಿಸಿದ, ತಲೆಬುರುಡೆಗೆ ಎರಡು ಸಣ್ಣ ತೂತು, ಮಿದುಳಿನ ಆಳಕ್ಕೆ ಎರಡು ತಂತಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ, ಪೂರ್ತಿ ಹೋಗುತ್ತೆ ಅಂತ ಹೇಳಲ್ಲ, ಹಿಡಿತ ಸಡಿಲ ಆಗಬಹುದು, ಎಂದ, ಎರಡು ಕಾಜಾ ಹಾಕ್ತೀರಿ ಅನ್ನಿ, ಗುಂಡಿ ಯಾರು ಹೊಲೀತಾರೆ, ಅಂದೆ, ಆ ಗಂಟುಮುಖದ ಮನುಷ್ಯನೂ ನಕ್ಕುಬಿಟ್ಟ — ಆಪರೇಷನ್ ಆದ ಮೇಲೆ ಬ್ಯಾಟರಿಯ ಸ್ವಿಚ್ಚು ಹಾಕಿದ ದಿನ, ಕರೆಂಟು ಹದಮಾಡುವ ಡಾಕ್ಟರಮ್ಮ ಏನನ್ನೋ ಒತ್ತಿದಳು, ನನಗೆ ನಗು, ಹೊಟ್ಟೆ ಹಿಡಿದುಕೊಂಡು ನಗು, ಪಕ್ಕದಲ್ಲಿ ನನ್ನ ಯಜಮಾನರು ಗಳಗಳ ಅಳುತ್ತಿದ್ದರು, ನೀನು ಹೀಗೆ ನಕ್ಕಿದ್ದು ಎಷ್ಟು ವರ್ಷ ಆಯ್ತೇ, ಅದು ಕರೆಂಟಿನ ನಗು ಸಾರ್, ಇಳಿಸ್ತೀನಿ, ಎಂದಳು ಡಾಕ್ಟರಮ್ಮ, ಚೂರು ಇರಲಿ ಬಿಡಮ್ಮಾ ಅಂದೆ, ಬಿಡಲಿಲ್ಲ, ಇಳಿಸಿದಳು. ಒಂದು ವಾರ ನಿದ್ದೆಯಿಲ್ಲ, ಮತ್ತೊಂದು ವಾರ ಅದೇ ಹಳೆಯ ಪಿನ್ನಿನ ಎಣಿಕೆ, ಕರೆಂಟು ಏರಿಸು, ಇಳಿಸು, ಎಂಟು ತಿಂಗಳು, ಆಮೇಲೊಂದು ಬೆಳಿಗ್ಗೆ ನೋಡುತ್ತೇನೆ, ಏನನ್ನೂ ಎಣಿಸದೆ ಕಾಫಿ ಬಿಸಿಯಿರುವಾಗಲೇ ಕುಡಿದು ಮುಗಿಸಿದ್ದೇನೆ, ಅಯ್ಯೋ ದೇವರೇ, ಎಷ್ಟು ರುಚಿ! ಬ್ಯಾಟರಿಯ ಹತ್ತಿರ ಅಯಸ್ಕಾಂತ ತರಬಾರದು ಎಂದದ್ದೇ ಸಾಕು, ಯಜಮಾನರು ನನ್ನದನ್ನು ಅಂದೇ ಪಕ್ಕದ ಮೆಕ್ಯಾನಿಕ್ಕಿಗೆ ಕೊಟ್ಟು ಬಂದರು, ನನ್ನನ್ನು ಒಂದು ಮಾತೂ ಕೇಳದೆ, ಜಾಣ.

ಕೊನೆಯ ಹೊಲಿಗೆ, ಗಂಟು, ಆಯಿತು — ತಟ್ಟೆಯಲ್ಲಿ ಪಿನ್ನು ಹನ್ನೊಂದು. ಅಂಚಿಗೆ ಚುಚ್ಚಿದ್ದು ಹನ್ನೆರಡು. ಅಂಚು ಸವರಿದೆ, ಇಲ್ಲ, ಸ್ಟೂಲಿನ ಕೆಳಗೆ ಬಗ್ಗಿದೆ, ಇಲ್ಲ, ಮಗಳು ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು, ಮೊಮ್ಮಗಳು ಮೇಲಿನಿಂದ ಬಗ್ಗಿ ನನ್ನ ಮುಖ ನೋಡಿ, ಅಜ್ಜಿ, ನಿನ್ ಬಾಯಲ್ಲೇ ಇದೆಯಲ್ಲಾ! ಇದೆ, ತುಟಿಯ ನಡುವೆ, ನಲವತ್ತು ವರ್ಷ ಹೊಲಿದ ಟೈಲರು ನಾನು, ತುಟಿಯಲ್ಲಿ ಕಚ್ಚಿಕೊಂಡ ಪಿನ್ನನ್ನು ನೆಲದಲ್ಲಿ ಹುಡುಕುತ್ತಿದ್ದೇನೆ, ಅದನ್ನು ತೆಗೆದು ತಟ್ಟೆಗೆ ಹಾಕಿದ ಮೇಲೆ ನಗು ಹಿಡಿಯಲಾಗಲಿಲ್ಲ, ಮಗಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಕೆಳಗೆ ವ್ಯಾನಿನ ಹಾರನ್ನು. ಆಗ ಆ ಗೀಳು ಬಂತು, ಮೆಲ್ಲಗೆ, ಹನ್ನೆರಡೇ ಇದ್ದದ್ದು ಅಂತ ಯಾರು ಹೇಳಿದರು, ಹದಿಮೂರಿದ್ದರೆ? ಬೆರಳಿಗೆ ದಾರದ ತುದಿ ಸಿಕ್ಕಿದೆ, ಗಂಟು ಬಿಚ್ಚಿ ಎಳೆದರೆ ಸಾಕು, ಅಂಚು ಪೂರ್ತಿ ಬಿಚ್ಚಿಕೊಳ್ಳುತ್ತದೆ, ಅಮ್ಮಾ, ಎಂದಳು ಮಗಳು, ಅಷ್ಟೇ, ನಗು ನಿಂತಿದೆ, ಇನ್ನೊಂದು ಹಾರನ್ನು, ಹದಿಮೂರಿದ್ದರೆ, ಇದ್ದರೆ ಇರಲಿ ಮಹರಾಯ, ನೀನು ಕೂತಿರು, ಮಗುವಿಗೆ ಹೊತ್ತಾಯಿತು — ಕತ್ತರಿ ತೆಗೆದುಕೊಂಡು ದಾರದ ತುದಿ ಕತ್ತರಿಸಿದೆ. ಓಡೇ. ಸ್ಟೂಲಿನಿಂದ ನೆಗೆದಳು, ಬಾಗಿಲು ದಾಟಿದಳು, ಮಗಳು ಅವಳ ಹಿಂದೆ ಹೋಗಲಿಲ್ಲ, ನನ್ನ ಪಕ್ಕಕ್ಕೆ ಬಂದು ನಿಂತಳು, ಇಬ್ಬರೂ ನೋಡುತ್ತಿದ್ದೇವೆ, ಮೆಟ್ಟಿಲ ಮೇಲೆ ಹಳದಿ ಅಂಚು, ಒಂದು ಮೆಟ್ಟಿಲು, ಎರಡು ಮೆಟ್ಟಿಲು ಒಟ್ಟಿಗೆ, ಹಾರುತ್ತಿದೆ, ಹಳದಿ ಅಂಚು, ತಿರುವಿನಲ್ಲಿ ಹಳದಿ ಅಂಚು, ಬಿಸಿಲಿನಲ್ಲಿ ಹಳದಿ —