ರಾಮಲಿಂಗನ ಕಾಲಲ್ಲಿದ್ದ ರಸ್ತೆ

ಖಾನಾಪುರದಿಂದ ಕಣಕುಂಬಿಗೆ ಹೋಗುವ ಬಸ್ಸಿನ ಕಂಡಕ್ಟರ್ ರಾಮಲಿಂಗ, ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಲ್ಲುವವನೆಂದು ಆ ಕಡೆಯಲ್ಲೆಲ್ಲ ಹೆಸರಾಗಿದ್ದ. ಅವನ ಪಕ್ಕದಲ್ಲಿಟ್ಟರೆ ಮೊಟ್ಟೆಯ ಬುಟ್ಟಿಗೂ ಧೈರ್ಯ ಬರುತ್ತಿತ್ತು. ಅಂಥವನಿಗೆ ಸಣ್ಣದೊಂದು ಲಕ್ವ ಹೊಡೆಯಿತು. ಕೈ ಬಂತು, ಮಾತು ಬಂತು, ನಿಲ್ಲುವುದೊಂದು ಬರಲಿಲ್ಲ. ಸೋಮವಾರ ಇಲಾಖೆಯ ಡಾಕ್ಟರ ಮುಂದೆ ಅಲುಗದೆ ನಿಂತು ತೋರಿಸಬೇಕು. ಇಲ್ಲದಿದ್ದರೆ ಬಸ್ಸು ಬಿಟ್ಟು ಡಿಪೋದಲ್ಲಿ ಕುರ್ಚಿ. ಕುರ್ಚಿ ಅಂದರೆ ರಾಮಲಿಂಗನಿಗೆ ಚಟ್ಟ ಅಂದಂತೆ.

ಟಿಳಕವಾಡಿಯ ಕ್ಲಿನಿಕ್ಕಿನಲ್ಲಿ ಅವನನ್ನು ನೋಡುತ್ತಿದ್ದವಳು ಆಕ್ಯುಪೇಶನಲ್ ಥೆರಪಿಸ್ಟ್ ಪ್ರಮಿಳಾ. ಮನುಷ್ಯ ಕೊಡ ಎತ್ತುವಾಗ, ಬೀಗ ತೆಗೆಯುವಾಗ ಯಾವ ಕೀಲು ಮೊದಲು ಏಳುತ್ತದೆ, ಯಾವ ಸ್ನಾಯು ಅದಕ್ಕೆ ಒತ್ತಾಸೆಯಾಗುತ್ತದೆ ಎಂದು ನೋಡಿ, ಕೆಟ್ಟು ಕೂತ ಚಲನೆಯನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಅವಳ ಕಸುಬು. ಮದುವೆಗೆ ಹೋದರೂ ಅವಳು ಸೀರೆ ನೋಡುವವಳಲ್ಲ, ಮೊಣಕಾಲು ನೋಡುವವಳು.

ರಾಮಲಿಂಗನ ಕಾಲಲ್ಲಿ ಅವಳಿಗೆ ದೋಷವೇ ಸಿಗಲಿಲ್ಲ. ಶಕ್ತಿ ಬೇಕಾದಷ್ಟಿತ್ತು. ಆದರೂ ನಿಲ್ಲಿಸಿದರೆ ಎಡಕ್ಕೆ ವಾಲುತ್ತಿದ್ದ, ಬಲಕ್ಕೆ ವಾಲುತ್ತಿದ್ದ, ಆಮೇಲೆ ಹಿಂದಕ್ಕೆ ಜೋಲಿ ಹೊಡೆದು ದೊಪ್ಪನೆ ಬೀಳುತ್ತಿದ್ದ. ಪ್ರತಿ ಸಲವೂ ಅದೇ ಎಡ, ಅದೇ ಬಲ, ಅದೇ ದೊಪ್ಪನೆ.

“ಖರೇ ಹೇಳ್ರಿ, ಮುಂಜಾನೆ ಏನರ ಹಾಕ್ಕೊಂಡ ಬಂದೀರೇನು?” ಎಂದಳು ಜೊತೆಗೆ ಬಂದಿದ್ದ ಹೆಂಡತಿ ಸತ್ಯವ್ವ.

“ನೀ ಮಾಡಿದ ಚಾ ಕುಡದೇನಿ. ಅದಕ್ಕೂ ಹಿಂಗ ಆಗತೈತಿ.”

ಪ್ರಮಿಳಾ ನಗಲಿಲ್ಲ. “ಕಾಕಾ, ಐತವಾರ ನಿಮ್ಮ ಬಸ್ ಹತ್ತೂಣು. ನೀವು ಕೆಲಸ ಮಾಡೂ ಜಾಗಾದಾಗ ನಾ ನಿಮ್ಮನ್ನ ನೋಡೇ ಇಲ್ಲ.”

ಐತವಾರ ಮೂವರೂ ಖಾನಾಪುರದಲ್ಲಿ ಹತ್ತಿದರು. ಡ್ರೈವರ್ ಬಾಳೇಶ ಹಳೆಯ ಜೊತೆಗಾರನನ್ನು ಕಂಡು, “ಏನ್ಪಾ, ಟಿಕೆಟ್ ತಗೀತೀಯೋ, ಇಲ್ಲಾ ಇನ್ನೂ ನಿನ್ನ ಗಾಡಿ ಅಂತ ತಿಳದೀಯೋ?” ಎಂದ.

“ನೀ ಮೊದಲ ರಸ್ತಾ ನೋಡು.”

ಬಸ್ಸು ಹೊರಟಿತು. ಪ್ರಮಿಳಾ ಎರಡೂ ಕೈಯಿಂದ ಕಂಬಿ ತಬ್ಬಿಕೊಂಡಳು. ರಾಮಲಿಂಗ ಸೀಟುಗಳ ನಡುವೆ ಕೈಬಿಟ್ಟು ನಿಂತ. ಬೀಳಲಿಲ್ಲ. ಜಾಂಬೋಟಿ ದಾಟಿ ಕಾಡಿನ ತಿರುವುಗಳು ಬಂದಾಗ ಮಂದಿಯೆಲ್ಲ ಜರಡಿಯೊಳಗಿನ ಕಾಳಿನಂತೆ ಅತ್ತಿತ್ತ ಉರುಳಿದರು; ಅವನು ಕಣ್ಣು ಮುಚ್ಚಿಕೊಂಡು ದೀಪಸ್ತಂಭದಂತೆ ನಿಂತಿದ್ದ.

ಪ್ರಮಿಳಾ ಅವನ ಕಾಲನ್ನೇ ನೋಡಿದಳು. ತಿರುವು ಇನ್ನೂ ಮುಂದಿರುವಾಗಲೇ ಅಂಗಾಲಿನ ಅಂಚು ಒತ್ತುತ್ತಿತ್ತು, ಮೊಣಕಾಲು ಸಡಿಲಾಗುತ್ತಿತ್ತು, ಸೊಂಟ ಕೂದಲೆಳೆಯಷ್ಟು ಜರುಗುತ್ತಿತ್ತು. ಆಮೇಲೆ ಬಸ್ಸು ತಿರುಗುತ್ತಿತ್ತು. ಬಸ್ಸೇ ಆ ಕಾಲುಗಳ ಅಪ್ಪಣೆ ಕೇಳಿ ತಿರುಗುತ್ತಿದೆಯೇನೋ ಅನ್ನಿಸಿತು.

ಅಷ್ಟರಲ್ಲಿ ಒಂದು ಕಡೆ ರಾಮಲಿಂಗ ಎಡಕ್ಕೆ ವಾಲಿದ. ಬಲಕ್ಕೆ ವಾಲಿದ. ಹಿಂದಕ್ಕೆ ಜೋಲಿ ಹೊಡೆದು ದೊಪ್ಪನೆ ಸತ್ಯವ್ವನ ತೊಡೆಯ ಮೇಲೆ ಕೂತ. ರಸ್ತೆ ಅಲ್ಲಿ ಕನ್ನಡಿಯಂತೆ ನುಣ್ಣಗಿತ್ತು.

“ಇಲ್ಲೊಂದು ತಗ್ಗಿತ್ತಲ್ಲೋ ಬಾಳೇಶ.”

“ಹ್ವಾದ ವಾರ ಮುಚ್ಚ್ಯಾರೋ ಮಾರಾಯ.”

“ಏಳ್ರೀ, ಮಂದಿ ನೋಡಾಕತ್ತಾರ,” ಎಂದಳು ಸತ್ಯವ್ವ.

ಪ್ರಮಿಳಾಳಿಗೆ ಆಗ ತಿಳಿಯಿತು. ಕ್ಲಿನಿಕ್ಕಿನ ನೆಲದ ಮೇಲೆ ಈ ಮನುಷ್ಯ ನಿಂತೇ ಇರಲಿಲ್ಲ, ಕಣಕುಂಬಿಗೆ ಹೊರಟಿದ್ದ. ಲಕ್ವ ಕಾಲನ್ನು ಕೆಡಿಸಿರಲಿಲ್ಲ, ಬಸ್ಸು ನಿಂತ ಸುದ್ದಿ ಕಾಲಿಗೆ ಮುಟ್ಟದ ಹಾಗೆ ಮಾಡಿತ್ತು. ಏರು, ಇಳಿವು, ತಗ್ಗು ಸಮೇತ ಒಂದಿಡೀ ರಸ್ತೆ ಎರಡು ಅಂಗಾಲುಗಳಲ್ಲಿ ಮಡಚಿಟ್ಟಂತೆ ಇತ್ತು. ಅವಳು ಓದಿದ ಪುಸ್ತಕಗಳಲ್ಲಿ ಕೀಲುಗಳ ಹೆಸರಿತ್ತು, ಊರುಗಳ ಹೆಸರಿರಲಿಲ್ಲ.

ಕಣಕುಂಬಿಯಲ್ಲಿ ಬಸ್ಸು ನಿಂತಾಗ ರಾಮಲಿಂಗ ಹಳೆಯ ರೂಢಿಯಂತೆ “ಹೋಲ್ಡಾನ್” ಎಂದ. ಅಂದದ್ದೇ ತಡ, ಹಿಮ್ಮಡಿಗಳೆರಡೂ ನೆಲ ಕಚ್ಚಿದವು. ಇಳಿದು ಕೆಂಪು ಮಣ್ಣಿನ ಮೇಲೆ ನಿಂತ. ಸತ್ಯವ್ವ ಬೆರಳಿಂದ ತಿವಿದು ನೋಡಿದಳು. ಅಲುಗಲಿಲ್ಲ.

“ಕಾಕಾ, ನಾಳೆ ಡಾಕ್ಟರ ಮುಂದೂ ಹಂಗ ಅನ್ರಿ,” ಎಂದಳು ಪ್ರಮಿಳಾ. ದೇವರ ಮುಂದೆ ಮಾತಾಡುವಂತೆ ಅವಳ ದನಿ ತಗ್ಗಿತ್ತು.

ಸೋಮವಾರ ರಾಮಲಿಂಗ ಬಾಯೊಳಗೇ “ಹೋಲ್ಡಾನ್” ಅಂದುಕೊಂಡು ನಿಂತ. ಫ್ಯಾನಿನ ಗಾಳಿಗೆ ಪರದೆ ಅಲುಗಿತು, ಡಾಕ್ಟರ ಟೈ ಅಲುಗಿತು, ಅವನು ಅಲುಗಲಿಲ್ಲ. ಡಾಕ್ಟರು ಸುತ್ತು ಹಾಕಿ ನೋಡಿದರು, ಬೆನ್ನು ತಟ್ಟಿದರು, ಭುಜ ಹಿಡಿದು ತಳ್ಳಿಯೂ ನೋಡಿದರು.

“ಸಾಕ್ರಿ. ನಾಳಿಂದ ಗಾಡಿ ಹತ್ರಿ. ಇನ್ನ ನಡೀರಿ.”

ರಾಮಲಿಂಗ ನಡೆಯಲಿಲ್ಲ. ಕಣ್ಣನ್ನಷ್ಟೇ ಬಾಗಿಲ ಬಳಿಯಿದ್ದ ಪ್ರಮಿಳಾಳ ಕಡೆ ತಿರುಗಿಸಿದ.

“ಯಾಕ್ರಿ, ಏನಾತು?” ಎಂದರು ಡಾಕ್ಟರು.

“ಏನಿಲ್ಲ ಸರ್,” ಎಂದು ಪ್ರಮಿಳಾ ಬಾಗಿಲನ್ನು ಎರಡು ಸಲ ಬಡಿದಳು. “ರೈಟ್, ರೈಟ್.”

ರಾಮಲಿಂಗ ಹೊರಟ.